ಚಪ್ಪಾಳೆಯ ಚರಿತ್ರೆ: ಕ್ಯಾನನ್‌ಬಾಲ್ ಆಡರ್ಲಿಯ ಒಂದು ರೆಕಾರ್ಡು

ಜನ ಚಪ್ಪಾಳೆ ತಟ್ಟಿದ್ದೆಲ್ಲ ಅಗ್ಗದ್ದು ಎಂಬ ಅನುಮಾನ ನಮ್ಮ ವಿಮರ್ಶೆಗೆ ಅಂಟಿಕೊಂಡ ಹಳೆಯ ಜಾಡ್ಯ. ದಲಿತ ಕವಿಯೊಬ್ಬನ ಹಾಡು ಬಾಯಿಂದ ಬಾಯಿಗೆ, ಕೇರಿಯಿಂದ ಕೇರಿಗೆ ಹೋದರೆ ಅದು 'ಘೋಷಣೆ'. ಅದೇ ಕವಿ ಹತ್ತು ಜನ ಪಂಡಿತರಿಗೆ ಮಾತ್ರ ತಿಳಿಯುವ ಹಾಗೆ ಬರೆದರೆ 'ಪ್ರಬುದ್ಧನಾದ' ಅಂತ ಬೆನ್ನು ತಟ್ಟುತ್ತಾರೆ. ಮೊದಲನೆಯದರಲ್ಲಿ ಆಕರ್ಷಣೆಯೇ ಅಪರಾಧ, ಎರಡನೆಯದರಲ್ಲಿ ಕ್ಲಿಷ್ಟತೆಯೇ ಅರ್ಹತಾಪತ್ರ. ಈ ತಕ್ಕಡಿ ಯಾರ ಕೈಯಲ್ಲಿದೆ ಎಂದು ಕೇಳುವುದು ದಲಿತ ವಿಮರ್ಶೆಯ ಮೊದಲ ಕೆಲಸಗಳಲ್ಲಿ ಒಂದು. ಆ ಪ್ರಶ್ನೆಯನ್ನು ನಾನಿಲ್ಲಿ ಒಂದು ಜಾಝ್ ರೆಕಾರ್ಡಿನ ಮೂಲಕ ಎತ್ತುತ್ತಿದ್ದೇನೆ. 1959ರ ಅಕ್ಟೋಬರ್ 18 ಮತ್ತು 20ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದ 'ಜಾಝ್ ವರ್ಕ್‌ಶಾಪ್' ಎಂಬ ಕ್ಲಬ್ಬಿನಲ್ಲಿ, ಜನರೆದುರಿಗೇ ಧ್ವನಿಮುದ್ರಣಗೊಂಡ 'ದಿ ಕ್ಯಾನನ್‌ಬಾಲ್ ಆಡರ್ಲಿ ಕ್ವಿಂಟೆಟ್ ಇನ್ ಸ್ಯಾನ್ ಫ್ರಾನ್ಸಿಸ್ಕೊ' ಎಂಬ ಆಲ್ಬಮ್ ಅದು.

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಅಮೆರಿಕದ ಸ್ಯಾಕ್ಸೊಫೋನಿಗೆ ಏನು ಕೆಲಸ ಎಂದು ಕೆಲವರು ಕೇಳಬಹುದು. ಕಪ್ಪು ಜನರ ಚರಿತ್ರೆ ನಮ್ಮ ಚಳವಳಿಗೆ ಹೊರಗಿನದಾಗಿ ಯಾವತ್ತೂ ಇರಲಿಲ್ಲ. ಜೋತಿಬಾ ಫುಲೆಯವರು 1873ರ 'ಗುಲಾಮಗಿರಿ'ಯನ್ನು ಅರ್ಪಿಸಿದ್ದೇ ಗುಲಾಮಗಿರಿ ತೊಲಗಿಸಲು ದುಡಿದ ಅಮೆರಿಕದ ಸಜ್ಜನರಿಗೆ. ಬಾಬಾಸಾಹೇಬರು 1946ರಲ್ಲಿ ಕಪ್ಪು ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದರು, ಅವರಿಂದ ಉತ್ತರವೂ ಬಂತು. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನು ಪಡೆದದ್ದು 1966ರಲ್ಲಿ ಓಕ್‌ಲ್ಯಾಂಡಿನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ. ಈ ಓಕ್‌ಲ್ಯಾಂಡ್ ಇರುವುದು ನಾನು ಹೇಳುತ್ತಿರುವ ಕ್ಲಬ್ಬಿನ ಊರಿಗೆ ಎದುರಾಗಿ, ಕೊಲ್ಲಿಯ ಆಚೆ ದಡದಲ್ಲಿ. ಆದರೆ ಈ ಕೊಡುಕೊಳೆಯೆಲ್ಲ ಹೆಚ್ಚಾಗಿ ಪುಸ್ತಕ, ಪತ್ರ, ಭಾಷಣಗಳ ದಾರಿಯಲ್ಲಿ ನಡೆಯಿತು. ಕಿವಿಯ ದಾರಿಯಲ್ಲಿ ನಾವು ಅವರನ್ನು ಕೇಳಿಸಿಕೊಂಡದ್ದು ಕಡಿಮೆ. ವರ್ಣ ಮತ್ತು ಜಾತಿ ಒಂದೇ ಎಂದು ನಾನು ಹೇಳುತ್ತಿಲ್ಲ. ಅವಮಾನಕ್ಕೆ ಒಳಗಾದ ಸಮುದಾಯವೊಂದು ತನ್ನ ಕಲೆಯ ಬೆಲೆಯನ್ನು ತಾನೇ ಕಟ್ಟಿಕೊಳ್ಳಲು ಹೊರಟಾಗ ಏನೇನಾಗುತ್ತದೆ ಎಂಬುದನ್ನು ನೋಡಲು ಈ ರೆಕಾರ್ಡು ಒಳ್ಳೆಯ ಕಿಟಕಿ, ಅಷ್ಟೆ.

ಮೊದಲು ವಾದ್ಯದ ಮಾತು. ಸ್ಯಾಕ್ಸೊಫೋನ್ ಎಂದ ಕೂಡಲೆ ಕನ್ನಡಿಗರಿಗೆ ನೆನಪಾಗುವವರು ಕದ್ರಿ ಗೋಪಾಲನಾಥರು (1949–2019). ನಾಗಸ್ವರ ನುಡಿಸುವವರ ಮನೆಯ ಆ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮನಸೋತು ಅದನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಿದರು. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟು ಪಡೆದ ಈ ವಾದ್ಯ ಮೊದಲು ನೆಲೆಯೂರಿದ್ದು ಸೈನ್ಯದ ಬ್ಯಾಂಡುಗಳಲ್ಲಿ. ಐರೋಪ್ಯ ಅಭಿಜಾತ ಸಂಗೀತದ ಸಭೆಯಲ್ಲಿ ಅದಕ್ಕೆ ಖಾಯಂ ಕುರ್ಚಿ ಸಿಗಲೇ ಇಲ್ಲ. ಹಾಗೆ ಹೊಸಿಲ ಹೊರಗೆ ನಿಂತಿದ್ದ ಈ ಹಿತ್ತಾಳೆಯ ಕೊಳವೆಗೆ ನರಳಿಕೆ, ನಗು, ಜಗಳ, ಪ್ರಾರ್ಥನೆ ಎಲ್ಲವನ್ನೂ ಕಲಿಸಿದವರು ಅಮೆರಿಕದ ಕಪ್ಪು ಕಲಾವಿದರು.

ಅವರಲ್ಲಿ ಚಾರ್ಲಿ ಪಾರ್ಕರ್ ಹೆಸರನ್ನು ಬಿಟ್ಟು ಮುಂದೆ ಹೋಗಲು ಬರುವುದಿಲ್ಲ. 1930ರ ದಶಕದಲ್ಲಿ ಜಾಝ್ ಎಂದರೆ ಕುಣಿತದ ಸಂಗೀತ, ದೊಡ್ಡ ಬ್ಯಾಂಡುಗಳ ಸಂಗೀತ. ಅದನ್ನು ಕಟ್ಟಿದವರು ಕಪ್ಪು ಜನ. ಅದರಿಂದ ಹೆಚ್ಚು ಹಣ ಮತ್ತು ಕಿರೀಟ ಪಡೆದವರು ಬಿಳಿಯರು. 'ಸ್ವಿಂಗ್ ದೊರೆ' ಎಂದು ಮೆರೆದ ಬೆನ್ನಿ ಗುಡ್‌ಮನ್ನನ ಬ್ಯಾಂಡು ನುಡಿಸುತ್ತಿದ್ದ ಎಷ್ಟೋ ಕೃತಿಗಳ ಸ್ವರ ಜೋಡಣೆ ಕಪ್ಪು ಕಲಾವಿದ ಫ್ಲೆಚರ್ ಹೆಂಡರ್ಸನ್ನನದು. ಇದರಿಂದ ಬೇಸತ್ತ ತರುಣರು 1940ರ ದಶಕದ ಮೊದಲ ವರ್ಷಗಳಲ್ಲಿ ನ್ಯೂಯಾರ್ಕಿನ ಹಾರ್ಲೆಮ್ಮಿನ 'ಮಿಂಟನ್ಸ್ ಪ್ಲೇಹೌಸ್'ನಂಥ ಜಾಗಗಳಲ್ಲಿ, ಕೆಲಸ ಮುಗಿದ ಮೇಲೆ ನಡುರಾತ್ರಿ ಸೇರಿ ಬೇರೆಯೇ ಸಂಗೀತ ಕಟ್ಟತೊಡಗಿದರು. ಪಾರ್ಕರ್, ಡಿಝಿ ಗಿಲೆಸ್ಪಿ, ಥೆಲೋನಿಯಸ್ ಮಂಕ್, ಕೆನ್ನಿ ಕ್ಲಾರ್ಕ್ ಅವರಲ್ಲಿ ಮುಖ್ಯರು. ಅದೇ ಬೀಬಾಪ್. ವಿಪರೀತ ವೇಗ, ಎಲ್ಲೆಲ್ಲೋ ತಿರುಗುವ ಸ್ವರಪಂಕ್ತಿ, ಹಳೇ ಹಾಡಿನ ಅಸ್ಥಿಪಂಜರ ಇಟ್ಟುಕೊಂಡು ಅದರ ಮೇಲೆ ಗುರುತೇ ಸಿಗದ ಹೊಸ ಮೈ. 1945ರ ನವೆಂಬರಿನಲ್ಲಿ ಪಾರ್ಕರ್ 'ಚೆರೋಕಿ' ಎಂಬ ಪ್ರಸಿದ್ಧ ಹಾಡಿನ ಸ್ವರಮೇಳದ ಮೇಲೆ 'ಕೋ-ಕೋ' ನುಡಿಸಿದ್ದು ಇದರ ದೊಡ್ಡ ಉದಾಹರಣೆ.

ಬೀಬಾಪಿನ ಕ್ಲಿಷ್ಟತೆಯನ್ನು ಬರೀ ತಂತ್ರದ ಹುಚ್ಚು ಎಂದು ನೋಡಬಾರದು. ಅದರಲ್ಲಿ ಸ್ವಾಭಿಮಾನದ ಹಟ ಇತ್ತು. ನಿಮ್ಮನ್ನು ಕುಣಿಸಲು ನಾವಿಲ್ಲ. ಕೂತು ಕೇಳಿ ಎಂಬ ನಿಲುವು ಇತ್ತು. ಹಲ್ಲುಕಿರಿದು ರಂಜಿಸುವ ಕರಿಯನ ವೇಷವನ್ನು ಕಳಚಿಟ್ಟ ಸಂಗೀತ ಅದು. ಸುಲಭವಾಗಿ ಕದಿಯಲು ಬಾರದ ಹಾಗೆ ಕಟ್ಟಿಕೊಂಡ ಬೇಲಿಯೂ ಹೌದು. ಆದರೆ ಬೇಲಿ ಎಂದ ಮೇಲೆ ಅದು ಎರಡೂ ಕಡೆಯವರನ್ನು ತಡೆಯುತ್ತದೆ. ವಾರವೆಲ್ಲ ದುಡಿದು ಶನಿವಾರ ರಾತ್ರಿ ಕುಣಿಯಲು ಬರುತ್ತಿದ್ದ ಕಪ್ಪು ಕೂಲಿಕಾರರಲ್ಲಿ ಅನೇಕರು ರಿದಮ್ ಅಂಡ್ ಬ್ಲೂಸ್ ಕಡೆಗೆ ಹೋದರು. 1950ರ ದಶಕದಲ್ಲಿ ಪಶ್ಚಿಮ ತೀರದ ತಣ್ಣನೆಯ 'ಕೂಲ್' ಶೈಲಿ ಕಾಲೇಜು ಹುಡುಗರ ಮೆಚ್ಚುಗೆ ಪಡೆಯಿತು. 1954ರ ನವೆಂಬರಿನಲ್ಲಿ 'ಟೈಮ್' ಪತ್ರಿಕೆಯ ಮುಖಪುಟಕ್ಕೆ ಬಂದ ಜಾಝ್ ಕಲಾವಿದ ಬಿಳಿಯ ಡೇವ್ ಬ್ರೂಬೆಕ್. ಡ್ಯೂಕ್ ಎಲಿಂಗ್ಟನ್ನನಂಥ ಹಿರಿಯ ಕಪ್ಪು ಕಲಾವಿದ ಇನ್ನೂ ಕಾಯುತ್ತಿದ್ದ ಕಾಲದಲ್ಲಿ ಇದು ಆಯಿತು.

ಇಂಥ ಹೊತ್ತಿನಲ್ಲಿ ಬೀಬಾಪ್ ಕಲಿತ ತರುಣರೇ ಇನ್ನೊಂದು ಕಡೆ ತಿರುಗಿದರು; ತಮ್ಮ ಅಜ್ಜಿಯರ ಚರ್ಚಿನ ಕಡೆಗೆ. ಬಡ ಕಪ್ಪು ಜನರ ಚರ್ಚಿನಲ್ಲಿ ಪಾದ್ರಿ ಒಂದು ಮಾತು ಕೂಗಿದರೆ ಸಭೆ ತಿರುಗಿ ಕೂಗುತ್ತದೆ, ಕಾಲು ನೆಲಕ್ಕೆ ಬಡಿಯುತ್ತದೆ, ಕೈ ತಾನಾಗಿ ಚಪ್ಪಾಳೆ ತಟ್ಟುತ್ತದೆ. ಆ ಸ್ವರಮೇಳ, ಆ ಕೂಗು–ಮರುಕೂಗು ಜಾಝಿನೊಳಗೆ ಬಂತು. 1955ರಲ್ಲಿ ಹೊರೇಸ್ ಸಿಲ್ವರ್ 'ದಿ ಪ್ರೀಚರ್' ಎಂಬ ಕೃತಿಯನ್ನು ತಂದಾಗ ರೆಕಾರ್ಡು ಕಂಪನಿಯ ಯಜಮಾನನಿಗೇ ಅದು ಹಳೇ ಕಾಲದ್ದು ಅನ್ನಿಸಿ ಕೈಬಿಡಲು ಹೊರಟಿದ್ದ. ಸಿಲ್ವರ್ ಹಟ ಹಿಡಿದ. 1958ರಲ್ಲಿ ಆರ್ಟ್ ಬ್ಲೇಕಿಯ ತಂಡ ಬಾಬಿ ಟಿಮ್ಮನ್ಸ್ ರಚಿಸಿದ 'ಮೋನಿನ್' ನುಡಿಸಿತು. ಈ ಧಾರೆಗೆ ಆಮೇಲೆ ಬಿದ್ದ ಹೆಸರು 'ಸೋಲ್ ಜಾಝ್'.

ಕಾಲವನ್ನು ಗಮನಿಸಬೇಕು. 1955–56ರಲ್ಲಿ ಮಾಂಟ್‌ಗೊಮರಿಯ ಬಸ್ ಬಹಿಷ್ಕಾರ ನಡೆಯಿತು. ಅದರ ಸಭೆಗಳು ಸೇರುತ್ತಿದ್ದುದು ಚರ್ಚುಗಳಲ್ಲಿ. 1956ರ ಮೇ ತಿಂಗಳಲ್ಲಿ ಫ್ಲಾರಿಡಾದ ಟಲಹಾಸಿಯಲ್ಲಿ ಬಿಳಿಯರ ಸೀಟಿನಿಂದ ಏಳದ ಇಬ್ಬರು ವಿದ್ಯಾರ್ಥಿನಿಯರನ್ನು ಬಂಧಿಸಿದಾಗ ಅಲ್ಲಿಯೂ ಬಹಿಷ್ಕಾರ ಶುರುವಾಯಿತು. ಅವರು ಓದುತ್ತಿದ್ದುದು ಕಪ್ಪು ಜನರ ಫ್ಲಾರಿಡಾ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ. ನಮ್ಮ ಆಡರ್ಲಿ ಓದಿದ್ದೂ ಅಲ್ಲಿಯೇ, ಅವನ ತಂದೆತಾಯಿ ಪಾಠ ಹೇಳುತ್ತಿದ್ದುದೂ ಅಲ್ಲಿಯೇ. ಯಾವ ಚರ್ಚನ್ನು ಸುಶಿಕ್ಷಿತರು 'ಗದ್ದಲದ್ದು' ಎಂದು ದೂರವಿಟ್ಟಿದ್ದರೋ ಆ ಚರ್ಚೇ ಚಳವಳಿಯ ಕಛೇರಿಯಾದ ವರ್ಷಗಳಲ್ಲಿ ಜಾಝ್ ಕೂಡ ಆ ಚರ್ಚಿನ ದನಿಯನ್ನು ಹುಡುಕಿಕೊಂಡು ಹೋಯಿತು. ಇದನ್ನು ಕಾಕತಾಳೀಯ ಎನ್ನಲು ನನಗೆ ಮನಸ್ಸಿಲ್ಲ.

ಜೂಲಿಯನ್ ಎಡ್ವಿನ್ ಆಡರ್ಲಿ ಹುಟ್ಟಿದ್ದು 1928ರಲ್ಲಿ, ಫ್ಲಾರಿಡಾದ ಟ್ಯಾಂಪಾದಲ್ಲಿ. ಹುಡುಗನ ಊಟದ ರಭಸ ನೋಡಿ ಗೆಳೆಯರು 'ಕ್ಯಾನಿಬಲ್' ಎಂದರು; ಅದು ಬಾಯಲ್ಲಿ ಸವೆದು 'ಕ್ಯಾನನ್‌ಬಾಲ್' ಆಯಿತು. ಫೋರ್ಟ್ ಲಾಡರ್‌ಡೇಲಿನ ಡಿಲ್ಲಾರ್ಡ್ ಹೈಸ್ಕೂಲಿನಲ್ಲಿ ಆತ ಬ್ಯಾಂಡ್ ಮೇಷ್ಟರಾಗಿದ್ದ. 1955ರ ಬೇಸಿಗೆಯಲ್ಲಿ ನ್ಯೂಯಾರ್ಕಿಗೆ ಬಂದು 'ಕೆಫೆ ಬೊಹೆಮಿಯಾ'ದಲ್ಲಿ ಆಸ್ಕರ್ ಪೆಟಿಫೋರ್ಡನ ತಂಡದೊಂದಿಗೆ ನುಡಿಸಲು ನಿಂತ. ಊರಿಗೆ ಹೊಸಬನನ್ನು ಪರೀಕ್ಷಿಸಲು ಪೆಟಿಫೋರ್ಡ್ ಸಿಕ್ಕಾಪಟ್ಟೆ ವೇಗದ ಗತಿ ಹಿಡಿದನಂತೆ. ಫ್ಲಾರಿಡಾದ ಮೇಷ್ಟ್ರು ಅದರ ಮೇಲೆ ಸಲೀಸಾಗಿ ತೇಲಿಹೋದನಂತೆ. ಅದೇ ವರ್ಷ ಮಾರ್ಚಿನಲ್ಲಿ ಪಾರ್ಕರ್ ತೀರಿಕೊಂಡಿದ್ದ. ಪಾರ್ಕರನ ಅಡ್ಡಹೆಸರು 'ಬರ್ಡ್'. ಪ್ರಚಾರದವರು ಆಡರ್ಲಿಯನ್ನು 'ಹೊಸ ಬರ್ಡ್' ಎಂದರು. 1957ರಿಂದ 59ರವರೆಗೆ ಮೈಲ್ಸ್ ಡೇವಿಸ್ ತಂಡದಲ್ಲಿದ್ದು 'ಕೈಂಡ್ ಆಫ್ ಬ್ಲೂ' ರೆಕಾರ್ಡಿನಲ್ಲೂ ನುಡಿಸಿದ. ಆಮೇಲೆ ತನ್ನದೇ ಐವರ ತಂಡ ಕಟ್ಟಿದ. ಕಾರ್ನೆಟ್ಟಿಗೆ ತಮ್ಮ ನ್ಯಾಟ್, ಪಿಯಾನೊಕ್ಕೆ ಬಾಬಿ ಟಿಮ್ಮನ್ಸ್, ಬಾಸಿಗೆ ಸ್ಯಾಮ್ ಜೋನ್ಸ್, ಡ್ರಮ್ಸಿಗೆ ಲೂಯಿಸ್ ಹೇಯ್ಸ್.

ಈಗ ರೆಕಾರ್ಡಿಗೆ ಬರೋಣ. ಅದು ಶುರುವಾಗುವುದು ಸಂಗೀತದಿಂದಲ್ಲ, ಮಾತಿನಿಂದ. ಆಡರ್ಲಿ ಜನರೊಡನೆ ಮಾತಾಡುತ್ತಾನೆ, ನಗುತ್ತಾನೆ, ನಗಿಸುತ್ತಾನೆ. ಈಗ ನುಡಿಸುವುದು ನಮ್ಮ ಪಿಯಾನೊದವನ ರಚನೆ, ಇದರ ಬೇರು ಚರ್ಚಿನ ಸಂಗೀತದಲ್ಲಿದೆ ಎನ್ನುತ್ತಾನೆ. ಚರ್ಚು ಎಂದರೆ ಬಾಖ್‌ನ ಐರೋಪ್ಯ ಚರ್ಚಲ್ಲ, ಸೋಲ್ ಚರ್ಚು ಎಂದು ಬಿಡಿಸಿ ಹೇಳುತ್ತಾನೆ. ಕೃತಿಯ ಹೆಸರು 'ದಿಸ್ ಹಿಯರ್'. ಅದನ್ನು ಅವನು ದಕ್ಷಿಣದ ಕಪ್ಪು ಜನರ ಆಡುಮಾತಿನ ಉಚ್ಚಾರಕ್ಕೆ ಬೇಕೆಂದೇ ಕೆಡಿಸಿಕೊಳ್ಳುತ್ತಾನೆ, ಹಾಗೆ ಕೆಡಿಸಿದ್ದನ್ನು ಸಭೆಗೆ ಹೇಳಿಯೂ ತೋರಿಸುತ್ತಾನೆ. ಇದು ಸಣ್ಣ ಸಂಗತಿಯಲ್ಲ. ಇಬ್ಬರು ಅಧ್ಯಾಪಕರ ಮಗ, ತಾನೂ ಅಧ್ಯಾಪಕ, ಶಿಷ್ಟ ಇಂಗ್ಲಿಷನ್ನು ಯಾರಿಗೂ ಕಡಿಮೆ ಇಲ್ಲದಂತೆ ಬಲ್ಲವನು. ಅವನು 'ತಪ್ಪು' ಉಚ್ಚಾರವನ್ನು ಆರಿಸಿಕೊಳ್ಳುವುದರಲ್ಲಿ ಒಂದು ಭಾಷಾ ರಾಜಕಾರಣ ಇದೆ. 1984ರ 'ಕುಸುಮಬಾಲೆ'ಯ ಭಾಷೆ ಅರ್ಥವಾಗುವುದಿಲ್ಲ ಎಂಬ ದೂರನ್ನು ಕೇಳಿ ಬೆಳೆದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಿರ್ಮಾಪಕ ಆರಿನ್ ಕೀಪ್‌ನ್ಯೂಸ್ ಈ ಮಾತನ್ನೂ ಸಭಿಕರ ಕೂಗು, ಚಪ್ಪಾಳೆಗಳನ್ನೂ ಕತ್ತರಿಸಿ ಎಸೆಯದೆ ರೆಕಾರ್ಡಿನಲ್ಲಿ ಉಳಿಸಿದ. ಈ ಆಲ್ಬಮ್ಮಿನ ಆಕರ್ಷಣೆಯ ಅರ್ಧ ಗುಟ್ಟು ಇಲ್ಲಿದೆ. ಕೇಳುವವನು ಸಭೆಯ ಹೊರಗೆ ನಿಲ್ಲುವುದಿಲ್ಲ, ಒಳಗೆ ಬಂದು ಕೂರುತ್ತಾನೆ.

ಉಳಿದರ್ಧ ಸಂಗೀತದಲ್ಲಿದೆ. 'ದಿಸ್ ಹಿಯರ್' ನಮ್ಮವರು ತಿಶ್ರ ಎನ್ನುವ ಮೂರರ ನಡೆಯಲ್ಲಿದೆ. ಪಾದ್ರಿಯ ಮನೆಯಲ್ಲಿ ಬೆಳೆದ ಟಿಮ್ಮನ್ಸನ ಪಿಯಾನೊ ಚರ್ಚಿನ ಸ್ವರಮೇಳವನ್ನು ತೂಗಿ ತೂಗಿ ಬಾರಿಸುತ್ತದೆ. ಕೆಳಗೆ ಇಷ್ಟು ಗಟ್ಟಿಯಾದ ನೆಲ ಇದ್ದರೆ, ಅದರ ಮೇಲೆ ಆಡರ್ಲಿಯ ಆಲ್ಟೊ ಸ್ಯಾಕ್ಸೊಫೋನ್ ಹೇಳುವುದು ಅಪ್ಪಟ ಬೀಬಾಪ್ ಮಾತು. ಒಂದೇ ಉಸಿರಿನಲ್ಲಿ ಉದ್ದುದ್ದ ಪಂಕ್ತಿಗಳು, ಎಣಿಕೆಯ ಒಳಗೆ ಎಣಿಕೆ, ಇದ್ದಕ್ಕಿದ್ದ ಹಾಗೆ ಒಂದು ಬ್ಲೂಸ್ ಕೂಗು, ಮತ್ತೆ ಓಟ. ಕಷ್ಟದ್ದನ್ನು ಅವನು ಸುಲಭ ಮಾಡಿಲ್ಲ, ಅದಕ್ಕೊಂದು ಮನೆ ಕಟ್ಟಿಕೊಟ್ಟಿದ್ದಾನೆ. ರ‍್ಯಾಂಡಿ ವೆಸ್ಟನ್ನನ 'ಹೈ-ಫ್ಲೈ', ಆಡರ್ಲಿಯದೇ 'ಸ್ಪಾಂಟೇನಿಯಸ್ ಕಂಬಶ್ಚನ್' ಮತ್ತು 'ಯೂ ಗಾಟ್ ಇಟ್' ದಾಟಿ ರೆಕಾರ್ಡು ಮುಗಿಯುವುದು ಪೆಟಿಫೋರ್ಡ್ ರಚಿಸಿದ 'ಬೊಹೆಮಿಯಾ ಆಫ್ಟರ್ ಡಾರ್ಕ್' ಕೃತಿಯಿಂದ. ಚರ್ಚಿನ ತೂಗಾಟದಿಂದ ಶುರುವಾಗಿ, ತನ್ನನ್ನು ಪರೀಕ್ಷೆಗೆ ಒಡ್ಡಿದ ಕ್ಲಬ್ಬಿನ ಹೆಸರಿರುವ ಬೀಬಾಪ್ ಕೃತಿಗೆ ಬಂದು ನಿಲ್ಲುತ್ತದೆ. ಎರಡೂ ಒಂದೇ ಮನುಷ್ಯನ ಚರಿತ್ರೆ.

ನಮ್ಮ ಕಾಲೇಜಿನ ಬಿ.ಎ. ವಿದ್ಯಾರ್ಥಿಗಳಿಗೆ ಒಮ್ಮೆ ಹೆಸರು, ಹಿನ್ನೆಲೆ ಏನೂ ಹೇಳದೆ ಇದನ್ನು ಕೇಳಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಡೆಸ್ಕಿನ ಮೇಲೆ ಮೂರರ ಏಟು ಹಿಡಿದುಬಿಟ್ಟ. "ಸಾರ್, ಇದು ನಮ್ಮೂರ ಮಾರಿಹಬ್ಬದ ಏಟಿನ ಥರಾನೇ ಐತೆ" ಅಂದ. ಪಕ್ಕದ ಸಾಲಿನ ಹುಡುಗಿ, "ಏಟು ಸರಿ ಸಾರ್, ಆದ್ರೆ ಮೇಲಿರೋ ಪೀಪಿ ಬೇರೆ ಏನೋ ಮಾತಾಡ್ತೈತೆ, ಅದು ಕೈಗೆ ಸಿಗ್ತಿಲ್ಲ" ಅಂದಳು. ಸೋಲ್ ಜಾಝ್ ಮತ್ತು ಬೀಬಾಪಿನ ಸಂಬಂಧದ ಬಗ್ಗೆ ನಾನು ಓದಿದ ಅನೇಕ ಪುಟಗಳ ಸಾರ ಈ ಎರಡು ಮಾತಿನಲ್ಲಿದೆ. ಕೈಗೆ ಸಿಗದ್ದನ್ನು ಅವಳು ತಿರಸ್ಕರಿಸಲಿಲ್ಲ, ಇನ್ನೊಂದು ಸಲ ಹಾಕಿ ಅಂದಳು. ಜನರಿಗೆ ಕ್ಲಿಷ್ಟವಾದದ್ದು ಬೇಡ ಎಂಬುದು ಜನರನ್ನು ಕೇಳದೆ ಕಟ್ಟಿದ ಸಿದ್ಧಾಂತ.

ಇಲ್ಲಿಗೆ ನಿಲ್ಲಿಸಿದರೆ ಈ ಲೇಖನ ಬರೀ ಹೊಗಳಿಕೆಯಾಗುತ್ತದೆ. ರೆಕಾರ್ಡು ಚೆನ್ನಾಗಿ ಮಾರಾಟವಾಯಿತು, ಮಾರಾಟದ ಹಿಂದೆಯೇ ಮಾರುಕಟ್ಟೆಯೂ ಬಂತು. 'ಸೋಲ್' ಎಂಬ ಪದ ಹಣ ತರುತ್ತದೆ ಎಂದು ಗೊತ್ತಾದ ಕೂಡಲೆ ರಿವರ್‌ಸೈಡ್ ಕಂಪನಿ ತಮ್ಮ ಮೇಲೆ ಅದೇ ಚೀಟಿ ಅಂಟಿಸಿ ಮಾರತೊಡಗಿತು, ತಾನು ಅದನ್ನು ಬೇಕೆಂದೇ ಎದುರಿಸುತ್ತ ಬಂದೆ ಎಂದು ಆಡರ್ಲಿಯೇ ಆಮೇಲೆ ಹೇಳಿಕೊಂಡಿದ್ದಾನೆ. ಲಿರಾಯ್ ಜೋನ್ಸ್, ಅಂದರೆ ಮುಂದೆ ಅಮಿರಿ ಬರಾಕ ಎಂದು ಹೆಸರು ಬದಲಿಸಿಕೊಂಡ ಕಪ್ಪು ಕವಿ, 1963ರ 'ಬ್ಲೂಸ್ ಪೀಪಲ್'ನಲ್ಲಿ ಸೋಲ್ ಎಂಬ ಮಾತಿನ ಹಿಂದಿದ್ದ ಸಾಮಾಜಿಕ ಪ್ರತಿಪಾದನೆಯನ್ನು ಗುರುತಿಸಿದ. ಆದರೆ ಆ ಕಾಲದ ಇಂಥ ಸಂಗೀತ ಸಿದ್ಧ ಸೂತ್ರಕ್ಕೆ ಜಾರುತ್ತಿರುವುದನ್ನೂ ಬಿಡದೆ ಟೀಕಿಸಿದ. ಒಳಗಿನವನು ಒಳಗಿನವರ ಕಲೆಯನ್ನು ಪ್ರೀತಿಯಿಂದಲೂ ನಿಷ್ಠುರವಾಗಿಯೂ ನೋಡಿದ ರೀತಿ ಇದು. ನಮ್ಮಲ್ಲಿ ಎಷ್ಟೋ ಸಲ ದಲಿತ ಕೃತಿಗೆ ಸಿಗುವುದು ಮೇಲಿನವರ ರಿಯಾಯಿತಿ ಇಲ್ಲವೆ ಒಳಗಿನವರ ಜೈಕಾರ. ಎರಡರಿಂದಲೂ ಕೃತಿಗೆ ನ್ಯಾಯ ಸಿಗುವುದಿಲ್ಲ.

ಇನ್ನೊಂದು ತೊಡಕೂ ಇದೆ. ಆಡರ್ಲಿ ತಂಡದ ಎಲ್ಲಕ್ಕಿಂತ ದೊಡ್ಡ ಜನಪ್ರಿಯ ಕೃತಿ 'ಮರ್ಸಿ, ಮರ್ಸಿ, ಮರ್ಸಿ'. 1966ರಲ್ಲಿ ಮುದ್ರಣಗೊಂಡ ಅದು 1967ರಲ್ಲಿ ಬಿಲ್‌ಬೋರ್ಡ್ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 11ನೇ ಸ್ಥಾನಕ್ಕೆ ಏರಿತು. ಕಪ್ಪು ಚರ್ಚಿನ ಉಸಿರೇ ತುಂಬಿದ ಆ ಕೃತಿಯನ್ನು ರಚಿಸಿದವನು ಜೋ ಝವಿನುಲ್, ವಿಯೆನ್ನಾದಿಂದ ಬಂದ ಬಿಳಿಯ. ಹಾಗಾದರೆ ಅನುಭವದ ಪ್ರಾಮಾಣ್ಯ ಎಲ್ಲಿ ಹೋಯಿತು? ದಲಿತರಲ್ಲದವರು ದಲಿತ ಸಾಹಿತ್ಯ ಬರೆಯಬಹುದೆ ಎಂದು ನಾವು ಸಂಕಿರಣಗಳಲ್ಲಿ ಕುರ್ಚಿ ಮುರಿಯುವಷ್ಟು ಜಗಳವಾಡಿದ್ದೇವೆ. ಝವಿನುಲ್ ಕಪ್ಪು ಜನರ ಬಗ್ಗೆ ದೂರದಿಂದ ಬರೆದವನಲ್ಲ. ಕಪ್ಪು ನಾಯಕನ ಕೈಕೆಳಗೆ, ಕಪ್ಪು ತಂಡದಲ್ಲಿ, ಸುಮಾರು ಹತ್ತು ವರ್ಷ ಕೆಲಸ ಮಾಡಿದವನು. ವೇದಿಕೆಯ ಯಜಮಾನಿಕೆ ಆಡರ್ಲಿಯ ಕೈಯಲ್ಲಿತ್ತು. ಪ್ರಶ್ನೆಯನ್ನು 'ಯಾರು ಬರೆದರು' ಎಂಬಲ್ಲಿಂದ 'ಯಾರ ನಾಯಕತ್ವದಲ್ಲಿ, ಯಾರಿಂದ ಕಲಿತು, ಯಾರಿಗೆ ಉತ್ತರಿಸುತ್ತ ಬರೆದರು' ಎಂಬಲ್ಲಿಗೆ ಒಯ್ದರೆ ನಮ್ಮ ಜಗಳ ಇನ್ನಷ್ಟು ಉಪಯುಕ್ತವಾದೀತು.

ಈ ರೆಕಾರ್ಡಿನ ಮುಂದೆ ಕೂತಾಗ ನನಗೆ ಬಿಡದೆ ಕಾಡುವುದು ಹಲಗೆ. ದಲಿತ ಸಂಘರ್ಷ ಸಮಿತಿ ಹಳ್ಳಿಗಳನ್ನು ಎಬ್ಬಿಸುತ್ತಿದ್ದ ವರ್ಷಗಳಲ್ಲಿ ನಮ್ಮ ದೊಡ್ಡಪ್ಪ ಹೆಣದ ಮುಂದೆ ಹಲಗೆ ಬಡಿಯುವುದನ್ನು ನಿಲ್ಲಿಸಿದ. ಮೇಲ್ಜಾತಿಯವರ ಸಾವಿಗೆ ಬಿಟ್ಟಿ ಬಡಿಯುವ ಚಾಕರಿ ಹೋಗಲೇಬೇಕಿತ್ತು. ಆದರೆ ಅದೇ ಕಾಲದಲ್ಲಿ ಹೋರಾಟದ ಹಾಡುಗಳ ಜೊತೆ ಹಲಗೆ, ತಮಟೆ ಬೀದಿಗೆ ಬಂದದ್ದೂ ನಿಜ. ಬಿಟ್ಟದ್ದು ಚಾಕರಿಯನ್ನು, ಲಯವನ್ನಲ್ಲ. ಆದರೂ ಓದಿದ ನಮ್ಮಂಥವರ ಮನೆಗಳಲ್ಲಿ ಹಲಗೆಯ ಸದ್ದು ಕೇಳಿದರೆ ಕಿಟಕಿ ಮುಚ್ಚುವ ಸಂಕೋಚ ಉಳಿದುಕೊಂಡಿತು. ಕಪ್ಪು ಮಧ್ಯಮವರ್ಗ ತನ್ನದೇ ಜನರ ಹಾಡಿಗೆ, ಕೂಗಿಗೆ ಹೇಗೆ ನಾಚಿಕೊಳ್ಳುತ್ತದೆ ಎಂದು ಲ್ಯಾಂಗ್‌ಸ್ಟನ್ ಹ್ಯೂಸ್ 1926ರ ಒಂದು ಪ್ರಬಂಧದಲ್ಲಿ ಬರೆದಿದ್ದ. ವ್ಯತ್ಯಾಸವನ್ನೂ ಮರೆಯಬಾರದು. ಕಪ್ಪು ಚರ್ಚು ಅವರು ತಾವೇ ಕಟ್ಟಿಕೊಂಡ ಮನೆ. ಹೆಣದ ಮುಂದಿನ ಹಲಗೆ ನಮ್ಮ ಮೇಲೆ ಹೇರಿದ ಹೊರೆ. ಆದ್ದರಿಂದ ನಮಗೆ 'ಹಿಂದಕ್ಕೆ ಹೋಗುವುದು' ಅವರಷ್ಟು ಸಲೀಸಲ್ಲ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ ಪ್ರಶಸ್ತಿ ಬಂದರೆ ಸಾಲದು. ತಮಟೆಯ ಏಟುಗಳ ಹೆಸರೇನು, ವರಸೆಗಳೆಷ್ಟು, ಯಾವ ಊರಿನ ಏಟು ಹೇಗೆ ಬೇರೆ ಎಂದು ಕೇಳಿ ಬರೆಯುವ ವಿಮರ್ಶೆ ಬೇಕು. ಪಾರ್ಕರನ ಒಂದೊಂದು ಪಂಕ್ತಿಯನ್ನೂ ಬರೆದಿಟ್ಟು ಕಲಿಯುವ ಹುಡುಗರು ಲೋಕದ ತುಂಬ ಇದ್ದಾರೆ. ನಮ್ಮ ಏಟುಗಾರರ ಕೈಯನ್ನು ಹಾಗೆ ಓದಿದವರು ಎಷ್ಟು ಜನ?

ಆಡರ್ಲಿಯ ದಾರಿ ಆ ಕ್ಲಬ್ಬಿಗೆ ಮುಗಿಯಲಿಲ್ಲ. 1969ರಲ್ಲಿ ಅವನ ತಂಡ ಶಿಕಾಗೊದಲ್ಲಿ ಕಪ್ಪು ಜನರ ಆರ್ಥಿಕ ಹಕ್ಕುಗಳಿಗಾಗಿ ದುಡಿಯುತ್ತಿದ್ದ 'ಆಪರೇಷನ್ ಬ್ರೆಡ್‌ಬಾಸ್ಕೆಟ್' ಸಭೆಯಲ್ಲಿ ನುಡಿಸಿತು. ಅಲ್ಲಿ ಅವರನ್ನು ಪರಿಚಯಿಸಿದವನು ತರುಣ ನಾಯಕ ಜೆಸ್ಸಿ ಜಾಕ್ಸನ್. ಅದು 'ಕಂಟ್ರಿ ಪ್ರೀಚರ್' ಎಂಬ ರೆಕಾರ್ಡಾಯಿತು. ಹತ್ತು ವರ್ಷದ ಹಿಂದೆ ಚರ್ಚನ್ನು ಕ್ಲಬ್ಬಿಗೆ ತಂದವನು ಈಗ ಕ್ಲಬ್ಬಿನ ಸಂಗೀತವನ್ನು ಚಳವಳಿಯ ಸಭೆಗೆ ಒಯ್ದಿದ್ದ. 1975ರ ಆಗಸ್ಟಿನಲ್ಲಿ, 46ನೇ ವಯಸ್ಸಿಗೆ ಆತ ತೀರಿಕೊಂಡ. ಟಿಮ್ಮನ್ಸ್ ಅದಕ್ಕೂ ಒಂದು ವರ್ಷ ಮೊದಲೇ, 38ಕ್ಕೇ ಹೋಗಿದ್ದ.

ಆಕರ್ಷಣೆ ಕಲೆಯ ಶತ್ರುವಲ್ಲ, ಹಾಗೆಂದು ಅದೇ ಕಲೆಯ ಪ್ರಮಾಣಪತ್ರವೂ ಅಲ್ಲ. ಒಂದು ಸಭೆ ಯಾವುದಕ್ಕೆ ಚಪ್ಪಾಳೆ ತಟ್ಟಿತು, ಆ ಲಯವನ್ನು ಅದು ಎಲ್ಲಿ ಕಲಿತಿತ್ತು, ಆ ಚಪ್ಪಾಳೆಯನ್ನು ಆಮೇಲೆ ಯಾರು ಮಾರಿಕೊಂಡರು ಎಂದು ವಿಚಾರಿಸಬೇಕು. ಈ ಮೂರನ್ನೂ ಕೇಳಿದಾಗಷ್ಟೇ ಆಕರ್ಷಣೆಯ ಚರಿತ್ರೆ ಬರೆಯಲು ಬರುತ್ತದೆ. ದಲಿತ ಹಾಡು, ತಮಟೆ, ತತ್ವಪದ, ಬೀದಿ ನಾಟಕ ಇವುಗಳ ಬಗ್ಗೆ ಇಂಥ ಚರಿತ್ರೆಗಳು ಕನ್ನಡದಲ್ಲಿ ಇನ್ನೂ ಸಾಕಷ್ಟು ಬಂದಿಲ್ಲ. ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿ ಗೆಳೆಯರಲ್ಲಿ ಯಾರಾದರೂ ತಮ್ಮ ಕೇರಿಯ ಒಬ್ಬ ಏಟುಗಾರನ ಮುಂದೆ ನೋಟ್‌ಬುಕ್ಕು ಹಿಡಿದು ಕೂತರೆ ಆ ಕೆಲಸ ಅಲ್ಲಿಂದ ಶುರುವಾಗಬಹುದು.